ಗೌರವ್ವನ ಉಪ್ಪಿನ ಭರಣಿ

1978ರಲ್ಲಿ ನಾನು ಕುಷ್ಟಗಿಯ ಸರಕಾರಿ ಆಸ್ಪತ್ರೆಯಲ್ಲಿ ಲೇಡಿ ಮೆಡಿಕಲ್ ಆಫೀಸರ್ ಆಗಿದ್ದೆ. ಆಗ ಕುಷ್ಟಗಿ ರಾಯಚೂರು ಜಿಲ್ಲೆಗೆ ಸೇರಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಗ್ರಾಮರ್ ತಪ್ಪಿದಾಗಲೆಲ್ಲ ಸಿಸ್ಟರ್‌ಗಳಿಂದ ಬೆರಳಿನ ಗೆಣ್ಣಿಗೆ ಸ್ಕೇಲಿನ ಪೆಟ್ಟು ತಿಂದು ಬೆಳೆದವಳು ನಾನು. ಅಲ್ಲಿಯ ಜನರ ಮಾತು ಕಲಿಯಲು ನನಗೆ ವರ್ಷ ಹಿಡಿಯಿತು. ಅವರ ಅನುಮಾನ ಅರ್ಥವಾಗಲು ಇನ್ನೂ ಹೆಚ್ಚು ಕಾಲ ಬೇಕಾಯಿತು.

ಅನುಮಾನಕ್ಕೆ ಕಾರಣವಿತ್ತು. ತುರ್ತು ಪರಿಸ್ಥಿತಿ ಮುಗಿದಿತ್ತು, ಸಂತಾನಹರಣ ಆಪರೇಶನ್ ಕ್ಯಾಂಪುಗಳ ಭಯ ಮುಗಿದಿರಲಿಲ್ಲ. ನಮ್ಮ ಜೀಪಿನ ಸದ್ದು ಕೇಳಿದರೆ ಸಾಕು, ಹನುಮಸಾಗರದ ಕಡೆ ಹೊಲಗಳಲ್ಲಿದ್ದ ಗಂಡಸರು ಜೋಳದ ಬೆಳೆಯೊಳಗೆ ಮಾಯವಾಗುತ್ತಿದ್ದರು. ಜ್ವರದ ಮಾತ್ರೆಯನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಇದು ಅದಲ್ಲ ಹೌದಲ್ರಿ?" ಎನ್ನುವರು.

ಇಂಥ ದಿನಗಳಲ್ಲಿ ಬಸ್ ಡ್ರೈವರ್ ಈರಪ್ಪ ನನ್ನ ಬಳಿ ಬಂದ. ಇಲಾಖೆಯ ಮೆಡಿಕಲ್ ಚೆಕಪ್‌ನಲ್ಲಿ ಅವನ ಬಿ.ಪಿ., ಅಂದರೆ ರಕ್ತದ ಒತ್ತಡ, ವಿಪರೀತ ಹೆಚ್ಚಿತ್ತು. ಎರಡು ತಿಂಗಳಲ್ಲಿ ಇಳಿಯದಿದ್ದರೆ ಸ್ಟೀರಿಂಗ್ ಬಿಡಿಸಿ ಡಿಪೋ ಕೆಲಸಕ್ಕೆ ಹಾಕುತ್ತೇವೆ ಎಂದಿದ್ದರು.

"ಬಸ್ ತೊಳಿಯಾಕ ಹಚ್ತಾರಂತ್ರಿ ಅಮ್ಮಾರ. ಇವತ್ತು ನನ್ನ ಕೈಯಾಗ ಜೀವ ಇಟ್ಟು ಕುಂತ ಮಂದಿದು ನಾಳೆ ವಾಂತಿ ತೊಳೀಲೇನು?" ಎಂದ.

ಮಾತ್ರೆ ಕೊಟ್ಟೆ. ಆದರೆ ಆಸ್ಪತ್ರೆಯ ಸ್ಟಾಕ್ ಒಮ್ಮೆ ಇದ್ದರೆ ಒಮ್ಮೆ ಇರುತ್ತಿರಲಿಲ್ಲ. ಉಳಿದ ದಾರಿ ಉಪ್ಪು ಕಡಿಮೆ ಮಾಡುವುದು. ಈರಪ್ಪನ ಸಂಸಾರ ಯಲಬುರ್ಗಾದಲ್ಲಿತ್ತು. ಅವನು ಎರಡು ಹೊತ್ತೂ ಉಣ್ಣುತ್ತಿದ್ದುದು ಬಸ್‌ಸ್ಟ್ಯಾಂಡ್ ಹಿಂದಿನ ಗೌರವ್ವನ ಖಾನಾವಳಿಯಲ್ಲಿ. ಅಲ್ಲಿ ರೊಟ್ಟಿಗಿಂತ ಮೊದಲು ತಾಟಿನ ಮೂಲೆಗೆ ಉಪ್ಪು ಬೀಳುತ್ತಿತ್ತು. ಪಲ್ಯ, ಸಾರು, ಶೇಂಗಾ ಚಟ್ನಿ, ಉಪ್ಪಿನಕಾಯಿ ಎಲ್ಲದರಲ್ಲೂ ಗೌರವ್ವನ ಕೈ ಭಾರ. ಬಿಸಿಲಲ್ಲಿ ಮೂಟೆ ಹೊತ್ತು ಬರುವ ಹಮಾಲರಿಗೆ ಅದೇ ರುಚಿ. ಒಬ್ಬನಿಗಾಗಿ ಬೇರೆ ಗಡಿಗೆ ಏರಿಸುವಂತಿರಲಿಲ್ಲ. ಎಲ್ಲರ ಗಡಿಗೆಯೇ ಬದಲಾಗಬೇಕಿತ್ತು. ಈಗ ಇದನ್ನೇ ಪಬ್ಲಿಕ್ ಹೆಲ್ತ್ ಪಾಲಿಸಿ ಎನ್ನುತ್ತಾರೆ. ನನಗೆ ಆಗ ಈರಪ್ಪನ ಸ್ಟೀರಿಂಗ್ ಅಷ್ಟೇ ಕಾಣುತ್ತಿತ್ತು.

ಗೌರವ್ವ ವಿಧವೆ, ಐವತ್ತರ ಹೆಂಗಸು. ಅವಳ ಮಗಳ ಹೆರಿಗೆ ನಾನೇ ಮಾಡಿಸಿದ್ದೆ. ಆ ಸಲಿಗೆಯಲ್ಲಿ ಉಪ್ಪು ಕಡಿಮೆ ಮಾಡುವಂತೆ ಕೇಳಿದೆ.

"ಸಪ್ಪಗ ಐತಿ ಅಂತ ಗಿರಾಕಿ ತಾಟ ಒಗದ್ರ?" ಎಂದಳು.

"ದಿನಾ ಸ್ವಲ್ಪ ಸ್ವಲ್ಪವೇ ಇಳಿಸು. ಯಾರಿಗೂ ಗೊತ್ತಾಗುವುದಿಲ್ಲ."

"ಗೊತ್ತಾಗದಂಗ ಮಾಡೂದಂದ್ರ ಕಳವಿನ ಕೆಲಸ ಆತಲ್ರಿ ಅಮ್ಮಾರ!" ಎಂದು ನಕ್ಕು ಒಪ್ಪಿಕೊಂಡಳು.

ಅಳತೆ ತಪ್ಪದಿರಲೆಂದು ನಾನು ಆಸ್ಪತ್ರೆಯ ಒಂದು ಔನ್ಸ್ ಗ್ಲಾಸ್ ಕೊಟ್ಟೆ. ಕಾಂಪೌಂಡರ್ ಕೆಮ್ಮಿನ ಮಿಕ್ಸ್‌ಚರ್ ಅಳೆಯುತ್ತಿದ್ದ ಗೆರೆ ಕೊರೆದ ಪುಟ್ಟ ಗಾಜಿನ ಲೋಟ ಅದು. ಗೌರವ್ವ ಅದನ್ನು ಉಪ್ಪಿನ ಭರಣಿಯಲ್ಲೇ ಇಟ್ಟುಕೊಂಡಳು.

ಒಂದು ವಾರ ಯಾರೂ ತುಟಿ ಬಿಚ್ಚಲಿಲ್ಲ. ಆಮೇಲೆ, ಹತ್ತಿ ಅಂಗಡಿಯಲ್ಲಿ ತೂಕ ಮಾಡುವ ಶರಣಪ್ಪ ಕೈ ತೊಳೆಯಲು ಹಿಂದಕ್ಕೆ ಹೋದವನು ಒಲೆಯ ಪಕ್ಕದ ಭರಣಿಯೊಳಗೆ ಇಣುಕಿದ. ದವಾಖಾನೆಯ ಗ್ಲಾಸು! ಸಂಜೆಯೊಳಗೆ ಊರಿಡೀ ಒಂದೇ ಸುದ್ದಿ: ಮಕ್ಕಳಾಗದಂತೆ ಮಾಡುವ ಔಷಧಿಯನ್ನು ಡಾಕ್ಟರಮ್ಮ ಸಾರಿನಲ್ಲಿ ಕಲೆಸುತ್ತಿದ್ದಾಳೆ, ಅದಕ್ಕೇ ಊಟ ಸಪ್ಪಗಾಗಿದೆ.

ಮರುದಿನ ಖಾನಾವಳಿ ಖಾಲಿ. ಎದುರಿನ ಹೋಟೆಲಿನವನೇ ಸುದ್ದಿ ಹಬ್ಬಿಸಿರಬೇಕು ಎಂದು ನನಗೆ ಅನುಮಾನ. ಅವನೋ, ನಾನು ಅವನಲ್ಲಿಗೂ ಬರಬಹುದೆಂಬ ಅನುಮಾನದಿಂದ ಅಡುಗೆಮನೆಯ ಹಿಂಬಾಗಿಲಿಗೆ ಬೀಗ ಜಡಿದಿದ್ದ.

ಈರಪ್ಪ ಓಡಿ ಬಂದ. "ನನಗ ಮೂರು ಮಕ್ಕಳಾಗ್ಯಾವ, ಯಾವ ಔಷಧಕ್ಕೂ ಅಂಜಂಗಿಲ್ಲ. ಆದ್ರ ಗೌರವ್ವ ಬಾಗಿಲಾ ಹಾಕಿದ್ರ ನಾ ಎಲ್ಲಿ ಉಣ್ಲಿ? ಎದುರಿನ ಹೋಟೆಲಿನ ಉಪ್ಪುಪ್ಪು ಮಿರ್ಚಿ ಭಜಿ ತಿಂದ್ರ ನನ್ನ ಸ್ಟೀರಿಂಗ್ ಹೋತು!"

ಮಧ್ಯಾಹ್ನ ಅವನೊಂದಿಗೇ ಹೋದೆ. ಬಾಗಿಲಲ್ಲಿ ಹಮಾಲರು, ಶರಣಪ್ಪ, ಇನ್ನೂ ಹತ್ತಾರು ಜನ ನಿಂತಿದ್ದರು. ಯಾರೂ ಒಳಗೆ ಕಾಲಿಟ್ಟಿರಲಿಲ್ಲ. ಎಲ್ಲರ ಎದುರಿಗೆ ನಾನೇ ಉಂಡು ತೋರಿಸಿದರೆ ಮುಗಿಯಿತು ಎಂದುಕೊಂಡು ಚಾಪೆಯ ಮೇಲೆ ಕೂತೆ. ರೊಟ್ಟಿ ಮುರಿದು ಬಾಯಿಗಿಟ್ಟೆ.

"ನೀವ್ ಉಂಡ್ರ ಏನ್ ಬಂತ್ರಿ ಅಮ್ಮಾರ?" ಶರಣಪ್ಪ ಬಾಗಿಲಿಂದಲೇ ಅಂದ. "ನಿಮಗ ಮದಿವಿ ಇಲ್ಲ, ಮಕ್ಕಳಿಲ್ಲ. ಆ ಔಷಧ ನಿಮಗೇನ್ ಮಾಡತೈತಿ?"

ಎಲ್ಲರೂ ನಕ್ಕರು. ನನಗಾಗ ಮೂವತ್ತಾರು ವಯಸ್ಸು. ತಲೆ ತಗ್ಗಿಸಿ ಇನ್ನೊಂದು ತುಂಡು ರೊಟ್ಟಿ ಮುರಿದೆ.

ಗೌರವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಏ ಶರಣಪ್ಪ, ಬಾಯಿ ಭಾಳ ಬಿಡಬ್ಯಾಡ. ಹೋಗು, ನಿನಗ ಬೇಕಾದ ಅಂಗಡ್ಯಾಗ ಹೊಸಾ ಉಪ್ಪು ತಾ. ನಿಮ್ಮ ಕಣ್ಮುಂದನ ಗಡಿಗ್ಯಾಗ ಹಾಕ್ತೀನಿ."

ಅವನು ಪೊಟ್ಟಣ ತಂದ. ಎಲ್ಲರೂ ಕತ್ತು ಚಾಚಿ ನೋಡುತ್ತಿರುವಾಗ ಗೌರವ್ವ ಅದರಿಂದ ಒಂದಿಷ್ಟೇ ತೆಗೆದು ಹೊಸದಾಗಿ ಏರಿಸಿದ್ದ, ಕುದಿಯುವ ಸಾರಿಗೆ ಹಾಕಿದಳು.

"ಇಷ್ಟ ಏನು?" ಎಂದ ಶರಣಪ್ಪ.

"ಇಷ್ಟ. ಹಳೇ ಉಪ್ಪು ಭರಣಿ ತುಂಬ ಐತಿ. ಉಪ್ಪು ತಿಪ್ಪಿಗೆ ಚೆಲ್ಲಾಕ ನಾ ಏನ್ ಹುಚ್ಚಿ ಅದೀನೇನು? ಅದು ತೀರೂತನ ಗಡಿಗಿಗೆ ಹೊಸಾದು ಇಷ್ಟ. ಸಪ್ಪಗ ಅನ್ನಿಸಿದವ್ರು ಈ ಭರಣ್ಯಾಗಿಂದ ಹಾಕ್ಕೋರಿ, ನಾ ಏನ್ ಬ್ಯಾಡ ಅಂತೀನೇನು?"

ಹೀಗೆಂದು ಭರಣಿಯನ್ನು ತಂದು ಪಂಕ್ತಿಯ ನಟ್ಟನಡುವೆ ಕುಕ್ಕಿದಳು. ಔನ್ಸ್ ಗ್ಲಾಸು ಇನ್ನೂ ಅದರೊಳಗೇ ನೆಟ್ಟಿತ್ತು.

ಮೊದಲು ಈರಪ್ಪ ಕೂತ, ಆಮೇಲೆ ಹಸಿದ ಹಮಾಲರು ಒಬ್ಬೊಬ್ಬರಾಗಿ ಕೂತರು. ತಾಟಿನ ಮೂಲೆಗಳು ಖಾಲಿ. ಭರಣಿಯ ಕಡೆಗೆ ಒಂದು ಕೈಯೂ ಹೋಗಲಿಲ್ಲ. ಶರಣಪ್ಪ ಸಪ್ಪನೆಯ ಸಾರಿನಲ್ಲಿ ಅದ್ದಿದ ರೊಟ್ಟಿಯನ್ನು ಅಗಿದ, ಭರಣಿ ನೋಡಿದ, ನನ್ನ ಮುಖ ನೋಡಿದ. "ಛಲೋನ ಆಗೇತಿ ಬಿಡು" ಎಂದು ನುಂಗಿದ.

ಆಮೇಲೆ ಹೋದಾಗಲೆಲ್ಲ ನಾನು ಭರಣಿಯೊಳಗೆ ಇಣುಕುತ್ತಿದ್ದೆ. ಉಪ್ಪು ಇಳಿದಿರುತ್ತಿರಲಿಲ್ಲ. "ಖರ್ಚಾಗ್ಲಿ ಅಂತ ಇಟ್ಟೀನ್ರಿ, ಆಗವಲ್ದು ನೋಡ್ರಿ" ಎನ್ನುವಳು ಗೌರವ್ವ. ಮುಖದಲ್ಲಿ ನಗುವಿನ ಸುಳಿವಿಲ್ಲ. ಹೀಗಾಗುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತೇ? ನಿಜ ಹೇಳಬೇಕೆಂದರೆ, ನನಗಿನ್ನೂ ಸಂಶಯ.

ಎರಡು ತಿಂಗಳ ನಂತರ ಈರಪ್ಪ ಚೆಕಪ್‌ನಲ್ಲಿ ಪಾಸಾದ. ಅದರಲ್ಲಿ ಮಾತ್ರೆಯ ಪಾಲೆಷ್ಟು, ಉಪ್ಪಿನ ಪಾಲೆಷ್ಟು ಎಂದು ಡಾಕ್ಟರಾಗಿ ನಾನು ಹೇಳಲಾರೆ. ಅಂದು ಸಂಜೆ ತುಂಬಿದ ಬಸ್ಸನ್ನು ಆಸ್ಪತ್ರೆಯ ಎದುರು ನಿಲ್ಲಿಸಿ ಕಂಡಕ್ಟರ್ ಬಯ್ಯುವವರೆಗೂ ಹಾರ್ನ್ ಹೊಡೆದ.

ಮುಂದೆ ನನಗೆ ಗಂಗಾವತಿಗೆ ವರ್ಗವಾಯಿತು. ಅಲ್ಲಿಯ ಸಭೆಗಳಲ್ಲಿ ಹೋಟೆಲ್ ಊಟದ ಉಪ್ಪಿನ ಮಾತೆತ್ತಿದಾಗ, "ಗದ್ದಲ ಯಾಕೆ ಮೇಡಂ, ಸೈಲೆಂಟಾಗಿ ಇಳಿಸಿಬಿಡೋಣ" ಎನ್ನುವವರೇ ಹೆಚ್ಚು. ನಾನು ಒಪ್ಪುತ್ತಿರಲಿಲ್ಲ. ಜನರ ತಾಟಿನಿಂದ ಏನನ್ನಾದರೂ ತೆಗೆಯುವುದಿದ್ದರೆ ಅವರ ಕಣ್ಣೆದುರಿಗೇ ತೆಗೆಯಬೇಕು. ಕಾಣದಂತೆ ತೆಗೆದ ಜಾಗದಲ್ಲಿ ಅವರು ತಮ್ಮ ಭಯವನ್ನು ತುಂಬಿಕೊಳ್ಳುತ್ತಾರೆ. ಪುಸ್ತಕದಲ್ಲಿ ಇರದ ಈ ಪಾಠವನ್ನು ಕೆಲಸ ಕಲಿಸಿತು.

ಆದರೆ ನನ್ನ ಮನಸ್ಸು ಮರಳಿ ಹೋಗುವುದು ಕುಷ್ಟಗಿಯ ಕೊನೆಯ ಊಟಕ್ಕೆ. ಊರು ಬಿಡುವ ದಿನ ಗೌರವ್ವ ಕರೆದು ಚಾಪೆ ಹಾಸಿದಳು. ಹೋಳಿಗೆ ಮಾಡಿದ್ದಳು. ಎಲ್ಲಕ್ಕಿಂತ ಮೊದಲು, ಹಳೆಯ ರೂಢಿಯಂತೆ, ತಾಟಿನ ಮೂಲೆಗೆ ಒಂದು ಚಿಟಿಕೆ ಉಪ್ಪು ಹಾಕಿದಳು. ನನ್ನ ಕೈ ತಡೆಯಿತು.

"ಗೌರವ್ವ, ಇದು ಯಾವ ಭರಣಿಯ ಉಪ್ಪು?"

ಅವಳು ಸೌಟು ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಈಗ ನೀವು ನಮ್ಮೂರಾಕಿ ಆದ್ರಿ ನೋಡ್ರಿ ಅಮ್ಮಾರ!"