ಅಡಗಿ ಅಜ್ಜಿಯ ಮುಖ

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದೆ. ಬಳ್ಳಾರಿಯ ಹಳೆಯ ನಾಟಕದವರು ಸೇರಿ ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಮನೆಯ ಸಮಾಚಾರ, ಈಗ ಮಾಡುತ್ತಿರುವ ಕೆಲಸ, ಇಷ್ಟು ಬರೆದುಕೊಡಿ ಎಂದರು. ಫೋನ್ ಬಂದಾಗಲೆಲ್ಲ ಕೈ ನಡುಗುತ್ತದೆ ಎಂದು ನೆಪ ಹೇಳಿದೆ. ನಡುಗುವುದು ಸುಳ್ಳಲ್ಲ, ಆದರೆ ಅದೇ ಕೈಯಿಂದ ದಿನವೂ ಚಿತ್ರ ಬರೆಯುತ್ತೇನೆ. ಬರೆಯಲಾಗದೆ ಉಳಿದದ್ದು ಮನೆಯ ಸಮಾಚಾರ.

ನಾಟಕದ ವಿಷಯ ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ಬಣ್ಣ ಹಚ್ಚುವುದನ್ನು ಬಿಟ್ಟಿದ್ದೇನೆ. ಕೊನೆಯ ಸಲ ಕೊಳಗಲ್ಲಿನಲ್ಲಿ ಊರಗೌಡನ ಪಾತ್ರ ಮಾಡಿದಾಗ ಮಾತು ಮರೆತೆ. ಪರದೆಯ ಹಿಂದಿನಿಂದ ಹೇಳಿಕೊಟ್ಟದ್ದೂ ಕಿವಿಗೆ ಬೀಳದೆ ಸುಮ್ಮನೆ ಮೀಸೆ ತಿರುವುತ್ತ ನಿಂತುಬಿಟ್ಟೆ. ಜನ ಅದನ್ನೂ ಅಭಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು. ಈಗ ರೂಪನಗುಡಿಯ ಕೆಲವು ರೈತರು ಹೊಸ ನಾಟಕ ಕಟ್ಟುತ್ತಿದ್ದಾರೆ. ಅವರಿಗೆ ಮಾತು ತಿದ್ದಲು ಆಗಾಗ ಹೋಗುತ್ತೇನೆ. ಮೆಣಸಿನಕಾಯಿ ಬಿಡಿಸುವ ಕಾಲ ಬಂದರೆ ತಾಲೀಮು ನಿಲ್ಲುತ್ತದೆ.

ಚಿತ್ರ ಬರೆಯಲು ಯಾರೂ ಕಲಿಸಲಿಲ್ಲ. ನನ್ನ ಓದು ಹೈಸ್ಕೂಲಿಗೆ ಮುಗಿಯಿತು. ಹಳ್ಳಿ ನಾಟಕಗಳಲ್ಲಿ ಉಳಿದವರ ಮುಖಕ್ಕೆ ಬಣ್ಣ ಹಾಕುವ ಕೆಲಸವೂ ನನ್ನದೇ ಆಗಿತ್ತು. ಮೊದಲು ಹುಬ್ಬು, ಆಮೇಲೆ ಕಣ್ಣಿನ ಕಪ್ಪು. ಎತ್ತು ಕಟ್ಟಿ ಬಂದವನನ್ನು ಪೊಲೀಸ್ ಸಾಹೇಬನನ್ನಾಗಿ ಮಾಡುತ್ತಿದ್ದೆ. ಈಗ ಕೌಲ್ ಬಜಾರಿನಲ್ಲಿ ನನ್ನ ಮನೆಯ ಪಕ್ಕ ಒಂದು ಫ್ಲೆಕ್ಸ್ ಅಂಗಡಿಯಿದೆ. ಕೆಲಸ ಮುಗಿದ ಬ್ಯಾನರುಗಳನ್ನು ಅಂಗಡಿಯವನು ನನಗೆ ಕೊಡುತ್ತಾನೆ. ಅವುಗಳ ಬಿಳಿ ಬೆನ್ನಿನ ಮೇಲೆ ಮುಖಗಳನ್ನು ಬರೆಯುತ್ತೇನೆ. ಅವನು ಒಮ್ಮೆ ಎಲ್ಲವನ್ನೂ ನೋಡಿ, "ಅಜ್ಜಾ, ಎಲ್ಲಾರೂ ಸ್ಟೇಜ್ ಮ್ಯಾಲ ನಿಂತಂಗ ಅದಾರ. ಚಾ ಕುಡ್ಯಾಕ ಬಂದ ಮುಖ ಒಂದೂ ಇಲ್ಲ" ಎಂದ. ನಕ್ಕೆ. ಅದು ನನ್ನ ಕುತ್ತಿಗೆಗೆ ಬರುತ್ತದೆಂದು ಆಗ ತಿಳಿಯಲಿಲ್ಲ.

ಇನ್ನು ಮನೆಯ ಸಮಾಚಾರ.

ನನ್ನ ಊರು ಕುರುಗೋಡು. ನಮ್ಮ ಕಡೆ ಊರಿನ ಹೆಣ್ಣುಮಕ್ಕಳು ನಾಟಕದಲ್ಲಿ ಪಾತ್ರ ಮಾಡುವುದಿಲ್ಲ. ಹೆಣ್ಣು ಪಾತ್ರಕ್ಕೆ ಬಳ್ಳಾರಿಯಿಂದ ಕಲಾವಿದೆಯರನ್ನು ಕರೆಸುತ್ತಾರೆ. ಹಾಗೆ ಬಂದವಳನ್ನೇ ನಾನು ಮದುವೆಯಾದೆ. ನನ್ನ ತಾಯಿ ಅವಳನ್ನು ಅಡುಗೆ ಮನೆಗೆ ಬಿಟ್ಟುಕೊಳ್ಳಲಿಲ್ಲ. ಬಳ್ಳಾರಿಗೆ ಬಂದೆವು, ಮಗಳು ಹುಟ್ಟಿದಳು. ಸಂಸಾರ ನಡೆದದ್ದು ಹೆಚ್ಚಾಗಿ ನನ್ನ ಹೆಂಡತಿಯ ಪಾತ್ರಗಳಿಂದ.

ಮಗಳು ದೊಡ್ಡವಳಾದ ಮೇಲೆ ಬಂದ ಸಂಬಂಧಗಳೆಲ್ಲ ತಾಯಿ ಯಾರೆಂದು ಗೊತ್ತಾದ ಕೂಡಲೇ ಹಿಂದೆ ಸರಿದವು. ಸಿರುಗುಪ್ಪದಿಂದ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗ ಸಭ್ಯ, ಮನೆಗೆ ಹೊಳೆ ನೀರಿನ ಭತ್ತದ ಗದ್ದೆಯಿತ್ತು. ನಡುವೆ ನಿಂತವನು ಹೇಳಿದ: "ನಾಟಕದಾಕಿ ಮಗಳು ಅಂತ ಗೊತ್ತಾದ್ರ ಹುಡುಗನ ತಾಯಿ ನಿಮ್ಮ ಹೊಸ್ತಿಲಾ ತುಳಿಯಂಗಿಲ್ಲ. ನೀವ ವಿಚಾರ ಮಾಡ್ರಿ." ವಿಚಾರ ಮಾಡಿದೆ. ಮಗಳ ತಾಯಿ ಹೆರಿಗೆಯಲ್ಲೇ ತೀರಿಕೊಂಡಳು ಎಂದು ಹೇಳಿಕಳಿಸಿದೆ.

ಅವರು ಬರುವ ದಿನ ಬೆಳಿಗ್ಗೆ ಗೋಡೆಯ ಮೇಲಿದ್ದ ಹೆಂಡತಿಯ ಫೋಟೋಗಳನ್ನೆಲ್ಲ ಇಳಿಸಿ ಬಚ್ಚಲ ಒಲೆಗೆ ಹಾಕಿದೆ. ಎಲ್ಲವೂ ನಾಟಕದ ಫೋಟೋಗಳೇ. ನೀನು ಅಡುಗೆಯವಳು ಎಂದು ಹೇಳುತ್ತೇನೆ ಅಂದೆ. ಅವಳು ಒಲೆಯ ಕಡೆ ನೋಡುತ್ತ, "ಯಾವ ಸೀರಿ ಉಟ್ಕೊಳ್ಳಿ?" ಎಂದಷ್ಟೇ ಕೇಳಿದಳು. ಮಗಳನ್ನು ಕರೆದು, ಅವರ ಮುಂದೆ ಇವಳನ್ನು 'ಅಕ್ಕಾ' ಅನ್ನು, ಬಾಯಿ ತಪ್ಪಿಯೂ 'ಅವ್ವ' ಅನ್ನಬೇಡ ಎಂದು ತಾಲೀಮು ಮಾಡಿಸಿದೆ.

ಉಪ್ಪಿಟ್ಟು, ಚಹಾ ತಂದಿಟ್ಟ ನನ್ನ ಹೆಂಡತಿಯನ್ನು ಹುಡುಗನ ತಾಯಿ ಅಡಿಯಿಂದ ಮುಡಿಯವರೆಗೆ ನೋಡಿದರು. "ಎಷ್ಟು ದಿನಾತು ನೀ ಈ ಮನ್ಯಾಗ?"

"ಈ ಕೂಸು ಹುಟ್ಟಿದಾಗಿಂದ ಅದೀನ್ರಿ ಅಮ್ಮಾರ. ತಾಯಿಲ್ಲದ ಕೂಸು, ನಾನ ಎತ್ತಿ ಆಡಿಸೀನ್ರಿ."

ಆ ದನಿ ಎಷ್ಟು ಸಹಜವಾಗಿತ್ತೆಂದರೆ ಒಂದು ಗಳಿಗೆ ನಾನೇ ನಂಬಿದೆ. ಮಗಳು ಎದ್ದು ಒಳಗೆ ಹೋದಳು. "ಪಾಪ, ತಾಯಿ ನೆನಪಾತು ಕಾಣತೈತಿ" ಎಂದು ಅವರು ಮರುಗಿದರು. ಸಂಬಂಧ ಕುದುರಿತು. ಅವರು ಹೋದ ಮೇಲೆ ಕಪ್ಪು ತೊಳೆಯುತ್ತ ಹೆಂಡತಿ ಕೇಳಿದಳು: "ಪಾರ್ಟ್ ಹೆಂಗಾತ್ರಿ?"

"ಚಲೋ ಆತು" ಎಂದೆ.

ಮದುವೆ ಸಿರುಗುಪ್ಪದಲ್ಲಿ ಆಯಿತು. ಧಾರೆ ಎರೆಯಲು ದಂಪತಿ ಬೇಕು; ಹೆಂಡತಿ ಸತ್ತವನೆಂದು ಹೇಳಿಕೊಂಡ ನಾನು ಕೂರುವಂತಿಲ್ಲ. ನನ್ನ ಅಣ್ಣ, ಅತ್ತಿಗೆ ಕೂತರು. ಹಡೆದವಳು ಹಿತ್ತಲಿನಲ್ಲಿ ಅಡುಗೆಯವರ ಜೊತೆಗಿದ್ದಳು. ನಾನು ನೀರು ಕುಡಿಯುವ ನೆಪದಲ್ಲಿ ಆ ಕಡೆ ಹೋದೆ. ಮಂಟಪದಲ್ಲಿ ವಾದ್ಯ ಜೋರಾಯಿತು. ಅಲ್ಲಿದ್ದ ಒಬ್ಬಳು, "ಯಕ್ಕಾ, ಉಳ್ಳಾಗಡ್ಡಿ ಅಂದ್ರ ಎಲ್ಲಾರೂ ಓಡಿ ಹೋಗ್ತಾರ, ನೀ ರಾಶೀನ ಕೇಳಿ ಇಸ್ಕೊಂಡಿಯಲ್ಲ, ನಿನಗೇನು ಹುಚ್ಚ?" ಎಂದು ನಗುತ್ತಿದ್ದಳು. ನನ್ನ ಹೆಂಡತಿ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ತಲೆ ಎತ್ತದೆ ಈರುಳ್ಳಿ ಹೆಚ್ಚುತ್ತಿದ್ದಳು.

ಪಾತ್ರ ಅಂದಿಗೇ ಮುಗಿಯುತ್ತದೆಂದು ನಾನು ತಿಳಿದಿದ್ದೆ. ಮುಗಿಯಲಿಲ್ಲ. ಮಗಳ ಬಾಣಂತನಕ್ಕೂ ಅವಳು ಸಿರುಗುಪ್ಪಕ್ಕೆ ಹೋದದ್ದು ಅಡುಗೆಯವಳಾಗಿಯೇ. ಅಲ್ಲಿ ನೆಲದ ಮೇಲೆ ಕೂತು ಉಂಡಳು. ಮೊಮ್ಮಗ ಮಾತು ಕಲಿತ ಮೇಲೆ ಅವಳನ್ನು 'ಅಡಗಿ ಅಜ್ಜಿ' ಎಂದು ಕರೆದ. ಬಳ್ಳಾರಿಗೆ ಬಂದು ನನಗೆ ಅದನ್ನು ಹೇಳುವಾಗ ಅವಳ ಮುಖ ಅರಳಿತ್ತು. ಯಾರೂ ಹೇಳಿಕೊಡದೆ ಹುಡುಗ ಅಜ್ಜಿ ಎಂದನಲ್ಲ ಎಂಬುದೇ ಅವಳಿಗೆ ಸಾಕಾಗಿತ್ತು. ಯಾರಾದರೂ ಮೊಬೈಲ್ ಎತ್ತಿದರೆ ಮಾತ್ರ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ಹಳೆಯ ನಾಟಕ ನೋಡಿದ ಯಾರಾದರೂ ಗುರುತು ಹಿಡಿದಾರೆಂಬ ಅಂಜಿಕೆ.

ಆಸ್ಪತ್ರೆಯಲ್ಲಿ ಅವಳ ಕೊನೆಯ ದಿನಗಳಲ್ಲಿ ನಾನು ಕೈ ಹಿಡಿದು ತಪ್ಪಾಯಿತೆಂದು ಕೇಳಿಕೊಂಡೆ. "ಬಿಡ್ರಿ ಅತ್ಲಾಗ, ಇಷ್ಟುದ್ದ ಪಾರ್ಟ್ ನಮ್ಮವರೊಳಗ ಯಾರಿಗೂ ಸಿಕ್ಕಿದ್ದಿಲ್ಲ" ಎಂದಳು. ಸತ್ತ ದಿನ ಮಗಳು ಅತ್ತೆಯ ಜೊತೆ ಬಂದಳು. ಹೆಣದ ಪಕ್ಕ ಕುಸಿದವಳಿಗೆ ಅತ್ತೆ, "ಅಡಗಿಯಾಕಿ ಸಲುವಾಗಿ ಇಷ್ಟು ಅಳ್ತಾರೇನು? ಏಳು" ಎಂದರು. ಮಗಳು ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯಬಹುದಾಗಿತ್ತು. ಅವಳು ಕಣ್ಣೊರೆಸಿಕೊಂಡು ಎದ್ದು ಹೋಗಿ ಗೋಡೆಗೆ ಒರಗಿ ನಿಂತಳು.

ಹೋದ ವರ್ಷ ಆ ಅತ್ತೆ ತೀರಿಕೊಂಡರು. ಆಮೇಲೆ ಮಗಳು ಗಂಡನಿಗೆ ಎಲ್ಲ ಹೇಳಿದಳು. ಅವನು ಊಟ ಮುಗಿಸಿ ಕೈ ತೊಳೆದು ಬಂದು, "ಹಂಗಾರ ನಿಮ್ಮವ್ವಂದು ಒಂದು ಫೋಟೋ ತಗೊಂಡು ಬಾ, ಗ್ವಾಡಿಗೆ ಹಾಕೋಣು. ಮಗನಿಗೂ ಹೇಳೋಣು" ಎಂದನಂತೆ.

ಮಗಳು ಫೋಟೋ ಕೇಳಿಕೊಂಡು ಬಂದಳು. ನನ್ನಲ್ಲಿದ್ದದ್ದು ಆಧಾರ್ ಕಾರ್ಡಿನದು ಮಾತ್ರ. ಅದನ್ನು ಹಿಡಿದು ನೋಡಿ ತಿರುಗಿ ಕೊಟ್ಟಳು. "ಇದರಾಗ ಅವ್ವ ಅಂಜಿಕೊಂಡಂಗ ಅದಾಳ. ನೀ ಚಿತ್ರ ಬರೀತಿಯಲ್ಲ, ಬರದು ಕೊಡು."

ಬರೆದೆ, ಹರಿದೆ, ಮತ್ತೆ ಬರೆದೆ. ಹುಬ್ಬು ತೀಡಿದ ಕೂಡಲೇ ಅದು ನಾಟಕದ ಮುಖವಾಗುತ್ತಿತ್ತು. ರಾಣಿಯಾಗುತ್ತಿತ್ತು, ಸೊಸೆಯಾಗುತ್ತಿತ್ತು, ಒಮ್ಮೊಮ್ಮೆ ಅಡುಗೆಯವಳೂ ಆಗುತ್ತಿತ್ತು. ಬಣ್ಣವಿಲ್ಲದ ಅವಳ ಮುಖವನ್ನು ನಾನು ಇಷ್ಟು ವರ್ಷ ಎದುರಿಗಿಟ್ಟುಕೊಂಡೂ ನೋಡಿರಲಿಲ್ಲ. ಮಗಳು ಪ್ರತಿಸಲ ಬಂದು ನೋಡಿ, "ಈಕಿ ಅಲ್ಲ" ಎನ್ನುತ್ತಿದ್ದಳು.

ಮೊನ್ನೆ ಬಂದಾಗ ಬಾಗಿಲ ಬೆಳಕಿನಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ತಲೆಯಲ್ಲಿ ಬಿಳಿ ಕೂದಲು ಇಣುಕಿತ್ತು. ಬಾಗಿದ ಆ ಕುತ್ತಿಗೆಯನ್ನು ನಾನು ಮದುವೆಯ ದಿನ ಹಿತ್ತಲಿನಲ್ಲಿ, ಉಳ್ಳಾಗಡ್ಡಿಯ ರಾಶಿಯ ಮುಂದೆ ನೋಡಿದ್ದೆ. ಬ್ಯಾನರ್ ಹಾಸಿ ಬರೆಯತೊಡಗಿದೆ. ಈ ಸಲ ಕುತ್ತಿಗೆಯಿಂದ, ಕಿವಿಯಿಂದ ಶುರು ಮಾಡಿದೆ.

"ಅಪ್ಪಾ, ನನ್ನ ಯಾಕ ಬರಿಯಾಕತ್ತಿ?"

"ನಿಮ್ಮವ್ವನ್ನ ಬರಿಯಾಕತ್ತೀನಿ. ಅಳ್ಳಾಡಬ್ಯಾಡ."

ಅವಳು ಅಲುಗಾಡಲಿಲ್ಲ. ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ತಪ್ಪಾಯಿತೆಂದು ಆಗ ಹೇಳಬೇಕಿತ್ತು. "ಗದ್ದ ಸ್ವಲ್ಪ ಎತ್ತು" ಎಂದೆ. ಮುಗಿದ ಮೇಲೆ ಅವಳು ಬಹಳ ಹೊತ್ತು ನೋಡಿ, "ಹೂಂ, ಅವ್ವ" ಎಂದು ಸುರುಳಿ ಸುತ್ತಿ ಸಿರುಗುಪ್ಪದ ಬಸ್ಸು ಹತ್ತಿದಳು.

ಹೆಂಡತಿಯ ಕ್ಷಮೆ ಕೇಳಿದ್ದೇನೆ, ಅವಳು ನಕ್ಕು ಕೊಟ್ಟಳು. ತಾಯಿ ಎದುರಿಗಿರುವಾಗಲೇ ನಾನು ತಬ್ಬಲಿ ಮಾಡಿದವಳ ಕ್ಷಮೆಯನ್ನು ಇನ್ನೂ ಕೇಳಿಲ್ಲ. ಈ ಸಂಚಿಕೆ ಅವಳ ಮನೆಗೂ ಹೋಗುತ್ತದೆ, ಅದಕ್ಕೆಂದೇ ಇದನ್ನು ಬರೆದೆ. ಅವಳು ನನ್ನ ಮಗಳು.