ಕೋಣದ ಬೆನ್ನಿನ ಕೆಂಪು ಗುಂಡಿ

ನಮ್ಮ ಕಡೆ ‘ಬುಡು’ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನ್ನ ಎಡಗೈ ಈಗಲೂ ಜುಮ್ಮೆನ್ನುತ್ತದೆ. ಕೈ ಬುಡು ಎಂದರೆ ಹಿಡಿದದ್ದನ್ನು ಬಿಡಬೇಕು. ಗಾಡಿ ಬುಡು ಎಂದರೆ ಓಡಿಸಬೇಕು. ಬರೀ ‘ಬುಡು’ ಎಂದರೆ ಯಾವುದು ಎಂಬುದನ್ನು ಹೇಳುವವನ ಮುಖ ನೋಡಿ ತಿಳಿದುಕೊಳ್ಳಬೇಕು.

ತೊಂಬತ್ತರ ದಶಕದ ಮಾತು. ಪಾಲಹಳ್ಳಿಯ ಕಬ್ಬಿನ ಗದ್ದೆ ಬಿಟ್ಟು ಎಂಜಿನಿಯರ್ ಆದ ನಾನು, ಸೈನ್ಯಕ್ಕಾಗಿ ಆಳಿಲ್ಲದೆ ಓಡುವ ಗಾಡಿ ಕಟ್ಟುವ ತಂಡದಲ್ಲಿದ್ದೆ. ಬಂದೂಕು ಹೊತ್ತು ಅದು ಸಿಪಾಯಿಗಿಂತ ಮುಂದೆ ಹೋಗಬೇಕು, ಗುಂಡು ಬಿದ್ದರೆ ಅದಕ್ಕೇ ಬೀಳಬೇಕು. ಎತ್ತಿನ ಗಾಡಿಯಷ್ಟು ಎತ್ತರ, ಗಾಲಿಗೆ ಸುತ್ತಿದ ಉಕ್ಕಿನ ಪಟ್ಟಿ, ಹೊಗೆ ಕಾರುವ ಡೀಸೆಲ್ ಎಂಜಿನ್ನು. ಎಬ್ಬಿಸಿದರೆ ಏಳದು, ಎದ್ದರೆ ಕೇಳದು ಅಂತ ಅದಕ್ಕೆ ಕೋಣ ಎಂದು ಹೆಸರಿಟ್ಟಿದ್ದೆವು. ನಡೆಸುವವನು ಕೆ.ಆರ್. ಪೇಟೆ ಕಡೆಯ ನನ್ನ ಜೊತೆಗಾರ. ಕೊರಳಿಗೆ ರೇಡಿಯೋ ಪೆಟ್ಟಿಗೆ ನೇತುಹಾಕಿಕೊಂಡು ದೂರದಲ್ಲಿ ನಿಲ್ಲುತ್ತಿದ್ದ. ಪೆಟ್ಟಿಗೆಯ ಹಿಡಿಯನ್ನು ಮುಂದೆ ತಳ್ಳಿದರೆ ಕೋಣ ಮುಂದೆ, ಹಿಂದೆ ಎಳೆದರೆ ಹಿಂದೆ. ಕೈ ಬಿಟ್ಟರೆ ನಿಲ್ಲುತ್ತಿತ್ತು. ತುರ್ತಿಗೆ ಎಂಜಿನ್ನನ್ನೇ ಆರಿಸಲು ಕೋಣದ ಬೆನ್ನಿನ ಮೇಲೆ ಒಂದು ಕೆಂಪು ಗುಂಡಿ ಇತ್ತು.

ಆ ಬೇಸಿಗೆಯಲ್ಲಿ ಹೊಣಕೆರೆಯ ಆಚೆ ಒಣಗಿದ ಕೆರೆಯಂಗಳದಲ್ಲಿ ಓಡಿಸಿ ನೋಡುತ್ತಿದ್ದೆವು. ನೋಡಲು ಉತ್ತರದ ಕಡೆಯ ಸೈನ್ಯದ ಅಧಿಕಾರಿಯೊಬ್ಬರು ಬಂದಿದ್ದರು. ಕನ್ನಡದ ಒಂದಕ್ಷರ ತಿಳಿಯದವರು, ಮಾತುಮಾತಿಗೂ ಗಡಿಯಾರ ನೋಡುವವರು. ನಡುವೆ ಪಟ್ಟಿಗೂ ಗಾಲಿಗೂ ಮಧ್ಯೆ ಕಲ್ಲು ಸಿಕ್ಕಿ ಕೋಣ ನಿಂತುಬಿಟ್ಟಿತು.

‘ಎಂಜಿನ್ನು ಆಪ್ ಮಾಡ್ಲಾ?’ ಎಂದು ಜೊತೆಗಾರ ಏರಿಯ ಮೇಲಿಂದ ಕೂಗಿದ.

‘ಬ್ಯಾಡ ಕಣ್ಲಾ, ಮತ್ತೆ ಎದ್ದೊಳಕಿಲ್ಲ ಇದು. ಅಂಗೇ ಇರ್ಲಿ,’ ಎಂದೆ. ಆತುರಗಾರನಿಗೆ ಬುದ್ಧಿ ಮಟ್ಟ. ಅಲ್ಲಿ ಆತುರಗಾರರು ಮೂವರಿದ್ದೆವು.

ಹೊಟ್ಟೆಯ ಮೇಲೆ ಮಲಗಿ ಹಾರೆಯಿಂದ ಕಲ್ಲು ಮೀಟಿದೆ. ಪಟ್ಟಿ ಸಡಿಲವಾಗಲಿ ಎಂದು ಅವನು ಹಿಡಿಯನ್ನು ಒಂದಿಷ್ಟು ಹಿಂದೆ ಎಳೆದ. ಕಲ್ಲು ಉರುಳಿ ಆಚೆ ಬಿತ್ತು. ಜೊತೆಗೆ ನನ್ನ ಅಂಗಿಯ ತೋಳು ಒಳಗೆ ಹೋಯಿತು. ಅವನು ಹಿಡಿಯಿಂದ ಕೈ ತೆಗೆಯಲಿ ಎಂದು, ‘ಬುಡು, ಬುಡ್ಲಾ!’ ಎಂದು ಅರಚಿದೆ.

ಅವನಿಗೆ ಕಲ್ಲು ಬಿದ್ದದ್ದು ಕಂಡಿತ್ತು. ಇನ್ನು ಗಾಡಿ ಬುಡು ಅಂತಾವ್ನೆ ಎಂದುಕೊಂಡು, ಪೆಟ್ಟಿಗೆಯತ್ತ ಕಣ್ಣಿಳಿಸಿ ಹಿಡಿಯನ್ನು ಪೂರ್ತಿ ಮುಂದೆ ತಳ್ಳಿದ.

ಉಕ್ಕು ನನ್ನ ಬೆರಳುಗಳ ಮೇಲೆ ಹತ್ತಿತು. ನಾನು ಇನ್ನೂ ಜೋರಾಗಿ ‘ಬುಡು’ ಎಂದೆ, ಅವನು ಇನ್ನೂ ಗಟ್ಟಿಯಾಗಿ ತಳ್ಳಿದ. ಬೇರೆ ಮಾತು ಬಾಯಿಗೆ ಬರಲೇ ಇಲ್ಲ. ಸತ್ತೆ ಅನ್ನಿಸಿತು. ಮುಂದಿನ ಗಾಲಿ ಮೊಣಕೈ ಹತ್ತಿರ ಬರುವಾಗ ಎಂಜಿನ್ನು ಕೆಮ್ಮಿ ನಿಂತಿತು. ಕೋಣದ ಬೆನ್ನಿನ ಮೇಲಿದ್ದ ಕೆಂಪು ಗುಂಡಿಯನ್ನು ಪಕ್ಕದಲ್ಲೇ ನಿಂತಿದ್ದ ಅಧಿಕಾರಿ ಅಂಗೈಯಿಂದ ಗುದ್ದಿದ್ದರು. ನನ್ನ ಮಾತು ಅವರಿಗೆ ತಿಳಿದಿರಲಿಲ್ಲ, ಮುಖ ನೋಡಿದ್ದರು.

ನಾಗಮಂಗಲದ ಆಸ್ಪತ್ರೆಯಲ್ಲಿ ಜೊತೆಗಾರ ಗೋಡೆಗೆ ಹಣೆ ಒತ್ತಿಕೊಂಡು ಅತ್ತ. ‘ಪೆಟ್ಟಿಗೆ ನೋಡ್ತಿದ್ದೆ ಕಣ್ಲಾ. ನಿನ್ ಮೊಕ ನೋಡ್ನಿಲ್ಲ,’ ಎಂದ. ‘ಓಗ್ಲಿ ಬುಡ್ಲಾ’ ಎನ್ನಲು ಹೋಗಿ ಬಾಯಿ ಮುಚ್ಚಿಕೊಂಡೆ.

ಊರಿಂದ ಬಂದ ಅವ್ವ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ‘ಬೀಸೋ ದೊಣ್ಣೆ ತಪ್ತು, ಸಾವ್ರ ವರ್ಸ ಆಯಸ್ಸು. ಮೊಕ ನೋಡ್ದೆ ಓಡೋ ಗಾಡಿ ಯಾಕ್ಲಾ ಮಗ? ಆ ಕೆಲ್ಸ ಬುಟ್ಬುಡು.’

‘ಆಯ್ತು ಬುಡವ್ವ,’ ಎಂದೆ. ಬಿಡುವುದಿಲ್ಲ ಎಂದು ಮುಖ ನೋಡಿಯೇ ಅವಳಿಗೆ ತಿಳಿಯಿತು.

ಅಧಿಕಾರಿಯೂ ಬಂದರು. ಕಿತ್ತಳೆ ಸುಲಿದು ಒಂದೊಂದೇ ತೊಳೆಯನ್ನು ನನ್ನ ಬಲಗೈಗೆ ಇಟ್ಟರು. ಹೋಗುವ ಮೊದಲು, ಇನ್ನು ಮುಂದೆ ಗಾಡಿಗೆ ಆ ಕೆಂಪು ಗುಂಡಿ ಬೇಡ ಎಂದರು. ಯುದ್ಧದಲ್ಲಿ ಅದರ ಹತ್ತಿರ ಬರುವವನು ಶತ್ರುವೇ, ಅವನು ಒತ್ತಿದರೆ ಕೋಣ ಅಲ್ಲೇ ಸತ್ತಂತೆ. ಅವರ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ ಕೈಯಲ್ಲಿದ್ದ ತೊಳೆಯನ್ನು ಹಿಸುಕಿಬಿಟ್ಟೆ. ಆದರೆ ಅವರು ಹೇಳಿದ್ದು ಸರಿಯಾಗಿತ್ತು.

ಗಾಯ ಮಾಗಿದ ಮೇಲೆ ಆ ಗುಂಡಿಯನ್ನು ನಾನೇ ಬಿಚ್ಚಿದೆ. ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ, ಸ್ಕ್ರೂಗಳು ಜಾರಿ ಜಾರಿ ಬಿದ್ದವು. ತೂತಿಗೆ ತಗಡು ಹೊದಿಸಿ, ಕೆರೆಯಂಗಳದಲ್ಲಿದ್ದವರನ್ನೆಲ್ಲ ಏರಿಗೆ ಹತ್ತಿಸಿ, ನಾನು ಕೊನೆಯವನಾಗಿ ದೂರ ಸರಿದು ನಿಂತೆ. ಎಂಜಿನ್ನು ಗುಡುಗುತ್ತಿತ್ತು.

‘ಬುಡ್ಲಾ?’ ಎಂದು ಜೊತೆಗಾರ ಪೆಟ್ಟಿಗೆ ನೋಡುತ್ತಲೇ ಕೇಳಿದ.

‘ಮೊದ್ಲು ನನ್ ಮೊಕ ನೋಡ್ಲಾ!’ ಎಂದು ಕಿರುಚಿದೆ.

ಅವನು ತಲೆ ಎತ್ತಿ ನೋಡಿದ. ಆಮೇಲೆ ನಾನು ಕೈ ಎತ್ತಿದೆ, ಕೋಣ ಹೊರಟಿತು.