ಗುಡುಗಿನ ದಿನದ ಕಾಜಾ

ಗುಡುಗು ಬಾರದೆ ಬೆನೆಡಿಕ್ಟಾ ಬಾಯಿ ಅಂಗಿಗೆ ಕಾಜಾ ಹಾಕುತ್ತಿರಲಿಲ್ಲ. ತೋಳು, ಕಾಲರ್ ಎಲ್ಲ ಮುಗಿದು, ಬಟನ್ ತೂರಿಸುವ ಕಂಡಿಗಳಷ್ಟೇ ಬಾಕಿಯಿರುವ ಅಂಗಿಗಳು ಕುಕ್ಕುಂದೂರಿನ ಅವರ ಜಗಲಿಯ ಹಗ್ಗದಲ್ಲಿ ಮೋಡ ಕಾಯುತ್ತ ತೂಗುತ್ತಿದ್ದವು. ಏಪ್ರಿಲ್, ಮೇಯಲ್ಲಿ ಬಟ್ಟೆ ಕೊಟ್ಟವರು ಪುಣ್ಯವಂತರು. ಜನವರಿಯಲ್ಲಿ ಕೊಟ್ಟವರ ಗತಿ ದೇವರಿಗೇ ಪ್ರೀತಿ. "ಅರ್ಜೆಂಟ್ ಉಂಟಾದರೆ ಕಾರ್ಕಳ ಪೇಟೆಗೆ ಕೊಡಿ ಮಾರಾಯ್ರೆ," ಎನ್ನುತ್ತಿದ್ದರು. ಅವರ ಕಾಲರಿನ ಮೋಹಕ್ಕೆ ಬಿದ್ದವರು ಬೈದುಕೊಂಡೇ ಕಾಯುತ್ತಿದ್ದರು.

ತೊಂಬತ್ತೆಂಟರಲ್ಲಿ ನಾನು ಅವರಲ್ಲಿ ಹೊಲಿಗೆ ಕಲಿಯಲು ಸೇರಿದೆ. ಕಟ್ಟಡ ಕೆಲಸಕ್ಕೆಂದು ಬಾಗಲಕೋಟೆಯಿಂದ ಬಂದ ಅಪ್ಪ-ಅವ್ವನ ತಲೆಹರಟೆ ಮಗಳು ನಾನು. ನಮ್ಮ ಕಡೆ ಗುಡುಗಿದರೆ ಜನ ಅಂಗಳಕ್ಕೆ ಬಂದು ಮುಗಿಲು ನೋಡಿ ಖುಷಿಪಡುತ್ತಾರೆ. ಇಲ್ಲಿ ನೋಡಿದರೆ, ನಾಗರಹಾವನ್ನೇ ಕೋಲು ಹಿಡಿದು ಅಟ್ಟುವ ಗಟ್ಟಿಗಿತ್ತಿ ಬಾಯಿ ದೂರದ ಒಂದು ಗುಡುಗಿಗೆ ಮುಖ ಬಿಳುಚಿಕೊಂಡು ಒಳಕೋಣೆ ಸೇರುತ್ತಿದ್ದರು. ಗರಿಗಳ ಭಾನುವಾರ ಇಗರ್ಜಿಯಿಂದ ತಂದಿಟ್ಟ ಒಣಗರಿಯ ಚೂರೊಂದನ್ನು ಸುಟ್ಟು, ಆ ಹೊಗೆಯಲ್ಲಿ ಕೂತು ಕಾಜಾ ಶುರುಮಾಡುತ್ತಿದ್ದರು. ನನಗೋ ಎಲ್ಲಿಲ್ಲದ ಕುತೂಹಲ.

"ಬಾಯಾರ, ಹೆದರಿಕಿ ಮೊದಲ ಎಲ್ಲಿ ಬರತೈತಿ? ಹೊಟ್ಟ್ಯಾಗೋ, ಎದ್ಯಾಗೋ?"

ಬೈಯುತ್ತಾರೆಂದುಕೊಂಡೆ. ಅವರು ಯೋಚಿಸಿ ಹೇಳಿದರು: "ಮೊಣಕಾಲ ಗಂಟಿನಲ್ಲಿ ಮಾರಾಯ್ತಿ. ಅಲ್ಲಿಂದ ಹೊಟ್ಟೆ, ಎದೆ. ಕುತ್ತಿಗೆಗೆ ಬಂದರೆ ಮತ್ತೆ ನಾನು ನಾನಲ್ಲ."

ಅದೆಷ್ಟು ನಿಜವೆಂದು ನೋಡುವ ಹುಚ್ಚು ನನಗೆ. ಒಂದು ಬಿಸಿಲ ಮಧ್ಯಾಹ್ನ ಹಿತ್ತಲಲ್ಲಿದ್ದ ತಗಡಿನ ಶೀಟನ್ನು ಗಡಗಡ ಅಲ್ಲಾಡಿಸಿದೆ. ನಗುತ್ತ ಒಳಗೆ ಹೋದರೆ ಬಾಯಿ ಮಂಚದ ಕೆಳಗಿದ್ದರು. ಹೆಬ್ಬೆರಳಿಗೆ ಸೂಜಿ ಚುಚ್ಚಿ ಅಲ್ಲೇ ಮುರಿದಿತ್ತು. ಅಯ್ಯೋ, ನಿಂತ ನೆಲ ಕುಸಿಯಬಾರದೇ ಎನ್ನಿಸಿತು. ರಕ್ತ ಒರೆಸುವಾಗ ಅತ್ತವಳು ನಾನೇ.

ಅವತ್ತು ಅವರು ಎಲ್ಲ ಹೇಳಿದರು. ಕಾಪುವಿನಲ್ಲಿ ಅವರ ಅಮ್ಮ ತೀರಿಕೊಂಡ ದಿನ ಮೇ ತಿಂಗಳ ಸಿಡಿಲು ಮಳೆ. ಬಾಯಿ ಇದೇ ಮಂಚದ ಕೆಳಗೆ ಕಿವಿ ಮುಚ್ಚಿ ಮಲಗಿದ್ದರು, ಮಣ್ಣಿಗೆ ಹೋಗಲಿಲ್ಲ. ತಂಗಿ ಗ್ರೇಸಿ ಅಂದಿನಿಂದ ಅಕ್ಕನೊಡನೆ ಮಾತು ಬಿಟ್ಟಳು. "ಎಲ್ಲರೂ ಕಾರಣ ಕೇಳುವುದು. ಸಿಡಿಲು ಬಡಿದವರು ನಮ್ಮಲ್ಲಿ ಯಾರೂ ಇಲ್ಲ. ಕಾರಣ ಎಂತದೂ ಇಲ್ಲ, ಹೆದರಿಕೆ ಮಾತ್ರ ಉಂಟು." ಆಮೇಲೆ ಮಣಿಪಾಲದ ಡಾಕ್ಟರೊಬ್ಬರು ಹೇಳಿದ್ದರಂತೆ: ಓಡಬೇಡಿ, ಕೈಗೊಂದು ಕೆಲಸ ಕೊಟ್ಟು ಕೂತು ನೋಡಿ, ಏರಿದ್ದು ತಾನಾಗಿ ಇಳಿಯುತ್ತದೆ. ಗುಡುಗಿನ ಕಾಜಾ ಹುಟ್ಟಿದ್ದು ಹಾಗೆ. "ಮೊದಲ ವರ್ಷ ಒಂದು ಮಳೆಗೆ ಒಂದೇ ಕಾಜಾ. ಅದೂ ಕೋಳಿ ಕೆದರಿದ ಹಾಗೆ. ಈಗ ಆರು ಆಗ್ತದೆ, ಗೊತ್ತುಂಟಾ!"

ನಾಲ್ಕೈದು ವರ್ಷದ ನಂತರ, ಒಂದು ಅಕ್ಟೋಬರ್ ಮಧ್ಯಾಹ್ನ, ಪಕ್ಕದ ಮನೆಯ ಫೋನಿಗೆ ಸುದ್ದಿ ಬಂತು. ಗ್ರೇಸಿ ಮಣಿಪಾಲದ ಆಸ್ಪತ್ರೆಯಲ್ಲಿದ್ದಾಳೆ, ಇವತ್ತೋ ನಾಳೆಯೋ, ಅಕ್ಕನನ್ನು ಕೇಳುತ್ತಿದ್ದಾಳೆ. ಮೂಡಣದಲ್ಲಿ ಮೋಡ ಕರ್ರಗೆ ಕಟ್ಟಿತ್ತು. ಬಾಯಿ ಅದನ್ನು ನೋಡಿದರು, ಅಂಗಿಯೊಂದನ್ನು ಚೀಲಕ್ಕೆ ತುರುಕಿದರು. "ನೀನೂ ಬಾ," ಎಂದರು.

ಹಿರಿಯಡ್ಕದ ಹತ್ತಿರ ಬಸ್ಸೇ ಅದುರುವಂತೆ ಗುಡುಗಿತು. ಬಾಯಿ ಎದ್ದು ನಿಂತು, "ಇಳಿಸಿ, ನನ್ನನ್ನು ಇಳಿಸಿ!" ಎಂದು ಕೂಗಿದರು. ಕಂಡಕ್ಟರ್ ಸೀಟಿ ಊದಲು ಹೊರಟ. ಇಲ್ಲಿ ಇಳಿದರೆ ತಂಗಿಯ ಮುಖವೂ ಸಿಗುವುದಿಲ್ಲ. ನನಗೆ ಬೇರೇನೂ ತೋಚದೆ ಅವರ ಕೈ ಹಿಡಿದು ಕೇಳಿದೆ:

"ಬಾಯಾರ, ಈಗ ಎಲ್ಲಿ ಐತಿ?"

"ಕುತ್ತಿಗೆಯಲ್ಲಿ!"

"ಈಗ?"

"ಕುತ್ತಿಗೆಯಲ್ಲೇ ಮಾರಾಯ್ತಿ!"

"ಈಗ?"

ಅವರು ಉಸಿರು ಬಿಟ್ಟರು. "ಎದೆಯಲ್ಲಿ. ನೀನು ಸುಮ್ಮನಿರು, ನೂಲು ಪೋಣಿಸು."

ಕೂತರು. ಮಣಿಪಾಲ ಬರುವಷ್ಟರಲ್ಲಿ ಮೂರು ಕಾಜಾ ಆಯಿತು. ಒಂದೂ ನೆಟ್ಟಗಿರಲಿಲ್ಲ.

ಗ್ರೇಸಿ ಕಣ್ಣು ತೆರೆದಳು. ಕಿಟಕಿಯಾಚೆಯ ಮಿಂಚನ್ನು ನೋಡಿದಳು, ಮತ್ತೆ ಅಕ್ಕನನ್ನು. "ಈ ಗುಡುಗಿನಲ್ಲಿ ಬಂದೆಯಾ?" ಎಂದು ಕೊಂಕಣಿಯಲ್ಲಿ ಕೇಳಿದಳು.

"ಹೆದರಿಕೆ ಹೋಗಲಿಲ್ಲ," ಎಂದರು ಬಾಯಿ. "ಆದರೂ ಬಂದೆ."

ಮೂರು ದಿನ ಅವರು ತಂಗಿಯ ಕೈ ಬಿಡಲಿಲ್ಲ. ನಾಲ್ಕನೆಯ ದಿನ ಕಾಪುವಿಗೆ ಹೋಗಿ ಅವಳ ಪೆಟ್ಟಿಗೆಯ ಮೇಲೆ ತಮ್ಮ ಕೈಯಿಂದಲೇ ಮಣ್ಣು ಹಾಕಿದರು.

ಮದುವೆಯಾಗಿ ನಾನು ಉಡುಪಿಗೆ ಬಂದ ಮೇಲೆ ಒಂದು ಜನವರಿಯ ಬೆಳಿಗ್ಗೆ ಬಾಯಿ ಹೋದರೆಂಬ ಸುದ್ದಿ ಬಂತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋದೆ. ಕಾರ್ಕಳದ ಬಸ್ಸು ಅರ್ಧ ಖಾಲಿಯಾಗಿ ಎದುರಿಗೇ ನಿಂತಿತ್ತು. ಆ ಮುಖವನ್ನು ಪೆಟ್ಟಿಗೆಯೊಳಗೆ ನೋಡುವ ಧೈರ್ಯ ನನಗೆ ಬರಲಿಲ್ಲ. ಬಸ್ಸು ಹೊರಟಿತು; ನಾನು ಹತ್ತಲಿಲ್ಲ.